ಪ್ರಶ್ನೆಗಳ ಕಣಜ

ಪರೀಕ್ಷೆ ಎಂಬ ಮಾತು ನಮ್ಮ ಮನೆಗಳಲ್ಲಿ ಎಷ್ಟು ಬಳಕೆಯದೆಂದರೆ, ಅದರೊಳಗೆ ನೀತಿಯ ಪ್ರಶ್ನೆಯೊಂದು ಅಡಗಿರಬಹುದೆಂಬ ಸಂಶಯ ಕೂಡ ನಮಗೆ ಬರುವುದಿಲ್ಲ. ಹುಡುಗ ಪಾಸಾದನೆ, ಅಂಕ ಎಷ್ಟು, ಮುಂದೆ ಏನು ಮಾಡುತ್ತಾನೆ, ಇಷ್ಟಕ್ಕೆ ನಮ್ಮ ವಿಚಾರಣೆ ಮುಗಿಯುತ್ತದೆ. ಅವನಿಗೆ ಬಂದದ್ದೇನು ಎಂದು ಕೇಳುವುದು ಒಂದು ಬಗೆಯ ಅಸಭ್ಯತೆ ಎನಿಸಿಕೊಳ್ಳುವ ಮಟ್ಟಿಗೆ ನಾವು ಮುಂದುವರಿದಿದ್ದೇವೆ. ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆಯ ಪುಸ್ತಕದ ಅಂಗಡಿಗಳ ಮುಂದೆ ಒಂದು ಗಳಿಗೆ ನಿಂತು ನೋಡಿದರೆ ಸಾಕು; ಪಠ್ಯಪುಸ್ತಕಕ್ಕಿಂತ ಗೈಡು ದಪ್ಪ, ಗೈಡಿಗಿಂತ ಹಿಂದಿನ ವರ್ಷಗಳ ಪ್ರಶ್ನೋತ್ತರ ಮಾಲೆಗೆ ಗಿರಾಕಿ ಹೆಚ್ಚು. ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಟ್ಟ ನನಗೆ ಇದು ಹೊಸ ಸಂಗತಿಯಲ್ಲ. ಇದರ ಮೇಲೆ ಸಿಟ್ಟಾಗುವ ವಯಸ್ಸೂ ಕಳೆದಿದೆ. ಪಾಣಿಪತ್ತಿನ ಯುದ್ಧದ ಕಾರಣಗಳನ್ನು ಉರುಹಚ್ಚಿ ಬರೆದ ಹುಡುಗನಿಂದ ಲೋಕಕ್ಕೆ ಆಗುವ ಕೇಡು ಅಷ್ಟರಲ್ಲೇ ಇದೆ. ನಷ್ಟವಾಗುವುದಾದರೆ ಅದು ಅವನಿಗೇ.

ಆದರೆ ಪರೀಕ್ಷೆ ಬರೆದವನು ಒಬ್ಬ, ಅದರ ಫಲವನ್ನು ಉಣ್ಣತಕ್ಕವರು ಬೇರೆ ನೂರೆಂಬತ್ತು ಮಂದಿ ಎಂದಾದಾಗ ಮಾತು ಬೇರೆಯಾಗುತ್ತದೆ. ವಿಮಾನದಲ್ಲಿ ಕುಳಿತು ಸೊಂಟಕ್ಕೆ ಪಟ್ಟಿ ಬಿಗಿದುಕೊಳ್ಳುವಾಗ ಮುಂದಿನ ಕೋಣೆಯಲ್ಲಿರುವವರ ಮುಖ ಕೂಡ ನಮಗೆ ಕಾಣುವುದಿಲ್ಲ. ಅವರು ಪರೀಕ್ಷೆಯಲ್ಲಿ ತೇರ್ಗಡೆಯಾಗಿದ್ದಾರೆ ಎಂಬುದೊಂದೇ ನಮಗೂ ಅವರಿಗೂ ಇರುವ ಪರಿಚಯ. ಆ ಪರಿಚಯಪತ್ರ ಹೇಗೆ ತಯಾರಾಗುತ್ತದೆ ಎಂಬುದನ್ನು ಹತ್ತಿರದಿಂದ ನೋಡುವ ಸಂದರ್ಭ ನನಗೆ ಒದಗಿತು. ಐರ್ಲೆಂಡಿನಲ್ಲಿ ನೆಲೆಸಿರುವ ನನ್ನ ತಂಗಿಯ ಮಗಳು ವಿಮಾನ ಚಾಲಕಿಯಾಗಬೇಕೆಂದು ಹೊರಟವಳು. ಯೂರೋಪಿನ ತಾತ್ತ್ವಿಕ ಪರೀಕ್ಷೆಗಳಿಗೆ ಓದುತ್ತ ರಜೆಯ ಎರಡು ತಿಂಗಳನ್ನು ನಮ್ಮ ಮನೆಯಲ್ಲಿ ಕಳೆದಳು.

ಯೂರೋಪಿನಲ್ಲಿ ಈ ಪರೀಕ್ಷೆಗೆ ಹದಿಮೂರು ವಿಷಯಗಳು. ವಾಯುಯಾನದ ಕಾನೂನು, ವಿಮಾನದ ಅಂಗಾಂಗಗಳು, ಉಪಕರಣಗಳು, ತೂಕ ಮತ್ತು ಸಮತೋಲ, ಹವಾಮಾನ, ಪಥದರ್ಶನ, ರೇಡಿಯೋ ಪಥದರ್ಶನ, ಹಾರಾಟದ ತತ್ತ್ವ, ಮನುಷ್ಯನ ದೇಹ ಮತ್ತು ಮನಸ್ಸಿನ ಮಿತಿಗಳು, ಹೀಗೆ. ಪ್ರತಿಯೊಂದರಲ್ಲೂ ನೂರಕ್ಕೆ 75 ಬರಬೇಕು. ಮೊದಲ ಪರೀಕ್ಷೆಗೆ ಕುಳಿತ ತಿಂಗಳು ಮುಗಿದಲ್ಲಿಂದ 18 ತಿಂಗಳೊಳಗೆ ಎಲ್ಲವನ್ನೂ ಮುಗಿಸಬೇಕು. ಒಂದೇ ವಿಷಯದಲ್ಲಿ ನಾಲ್ಕು ಸಲ ಎಡವಿದರೆ ಗೆದ್ದ ವಿಷಯಗಳೂ ಕೈಬಿಟ್ಟು ಎಲ್ಲವನ್ನೂ ಮೊದಲಿನಿಂದ ಆರಂಭಿಸಬೇಕು. ನಮ್ಮ ದೇಶದಲ್ಲಿ ವಿಷಯಗಳು ಇಷ್ಟಿಲ್ಲ, ಮಿತಿ 70 ಅಂಕ. ಉಳಿದಂತೆ ಕಥೆ ಒಂದೇ. ಪ್ರಶ್ನೆಯ ಕೆಳಗೆ ನಾಲ್ಕು ಉತ್ತರಗಳಿರುತ್ತವೆ, ಒಂದನ್ನು ಆರಿಸಬೇಕು. ತಪ್ಪಿದರೆ ಅಂಕ ಕಳೆಯುವುದಿಲ್ಲ.

ಪರೀಕ್ಷಾಧಿಕಾರಿಗಳ ಕೈಯಲ್ಲಿ ಸಾವಿರಾರು ಪ್ರಶ್ನೆಗಳ ಕಣಜವೊಂದಿದೆ. ಅದಕ್ಕೆ ಬೀಗವಿದೆ. ಆದರೆ ಪರೀಕ್ಷೆ ಬರೆದು ಹೊರಬಂದವರ ತಲೆಗೆ ಬೀಗವಿಲ್ಲವಲ್ಲ! ಅವರು ನೆನಪಿಟ್ಟುಕೊಂಡು ಹೇಳಿದ ಪ್ರಶ್ನೆಗಳನ್ನು ಕೂಡಿಹಾಕಿ ಅಂಗಡಿಯವರು ಇನ್ನೊಂದು ಕಣಜ ಕಟ್ಟಿದ್ದಾರೆ. ತಿಂಗಳಿಗಿಷ್ಟು ಎಂದು ಹಣ ತೆತ್ತರೆ ಕಂಪ್ಯೂಟರಿನಲ್ಲಿ ಅದರ ಬಾಗಿಲು ತೆರೆಯುತ್ತದೆ. ಇಂಥ ಪ್ರಶ್ನೆ ಈಚೆಗೆ ಇಂಥ ಊರಿನ ಪರೀಕ್ಷೆಯಲ್ಲಿ ಬಂದಿತ್ತೆಂಬ ಟಿಪ್ಪಣಿಯೂ ಪಕ್ಕದಲ್ಲಿರುತ್ತದೆ. ನನ್ನ ಸೊಸೆ (ತಂಗಿಯ ಮಗಳನ್ನು ನಮ್ಮ ಕಡೆ ಹಾಗೆಯೇ ಕರೆಯುವುದು) ಬೆಳಗಿನ ಕಾಫಿಯಿಂದ ರಾತ್ರಿ ಊಟದವರೆಗೆ ಈ ಕಣಜದಿಂದ ಕಾಳು ಅಳೆಯುತ್ತಿದ್ದಳು.

ಪ್ರಶ್ನೆ ಓದುವ ಕೆಲಸ ನನ್ನದಾಯಿತು. ಒಂದು ಸಂಜೆಯ ಮಾತು. ವಿಮಾನದ ಎತ್ತರವನ್ನು ತೋರಿಸುವ ಯಂತ್ರ ನಿಜವಾಗಿ ಅಳೆಯುವುದು ಗಾಳಿಯ ಒತ್ತಡವನ್ನು. ಒತ್ತಡ ಹೆಚ್ಚಿರುವ ಊರಿನಿಂದ ಕಡಮೆಯಿರುವ ಊರಿಗೆ ಯಂತ್ರವನ್ನು ಸರಿಪಡಿಸಿಕೊಳ್ಳದೆ ಹೋದರೆ ಏನಾಗುತ್ತದೆ ಎಂಬುದು ಪ್ರಶ್ನೆ. ನಾನು ವಾಕ್ಯದ ಅರ್ಧಕ್ಕೆ ಬರುವಷ್ಟರಲ್ಲಿ ಅವಳು “ಮೂರನೆಯದು” ಎಂದಳು. ಸರಿಯಾಗಿತ್ತು. ಯಾಕೆ ಎಂದು ಕೇಳಿದೆ. ಒಂದು ಕ್ಷಣ ನನ್ನ ಮುಖ ನೋಡಿ, ಆಮೇಲೆ ಕಾಗದ ತೆಗೆದುಕೊಂಡು ಗೀರು ಎಳೆದು ವಿವರಿಸಿದಳು. ಒಂದು ಹೆಕ್ಟೋಪಾಸ್ಕಲ್ ಒತ್ತಡಕ್ಕೆ ಸುಮಾರು 27 ಅಡಿ. ಒತ್ತಡ 1020ರಿಂದ 1000ಕ್ಕೆ ಇಳಿದರೆ ವಿಮಾನ ತಾನಿದ್ದೇನೆಂದು ಹೇಳುವುದಕ್ಕಿಂತ 540 ಅಡಿ ಕೆಳಗಿರುತ್ತದೆ. ಆ 540 ಅಡಿಯೊಳಗೆ ಗುಡ್ಡವಿದ್ದರೆ ಮುಗಿಯಿತು. ನನಗೆ ಬಹಳ ಸಂತೋಷವಾಯಿತು. ಇನ್ನೊಂದು ಪ್ರಶ್ನೆಗೂ ಅಷ್ಟೇ ಚುರುಕಾಗಿ “ಎರಡನೆಯದು” ಎಂದಳು. ಯಾಕೆ? “ಅದು ಗೊತ್ತಿಲ್ಲ ಮಾವ. ಉದ್ದನೆಯ ಉತ್ತರವೇ ಸರಿ, ಅಷ್ಟು ಗೊತ್ತು.”

ಎರಡಕ್ಕೂ ಒಂದೊಂದೇ ಅಂಕ.

ಇದನ್ನು ಕೇಳಿ ಕೂಡಲೆ ಮೂಗು ಮುರಿಯುವವರು ಅವಳ ವಾದವನ್ನೂ ಕೇಳಬೇಕು. ಅವಳು ಹೇಳಿದ್ದರಲ್ಲಿ ಹುರುಳಿತ್ತು. ಓದಬೇಕಾದ ಅಂಶಗಳು ಸಾವಿರಗಟ್ಟಲೆ; ಅದರಲ್ಲಿ ಎಷ್ಟೋ ಭಾಗ ಇಂದಿನ ಚಾಲಕನಿಗೆ ಎಂದೂ ಬೇಕಾಗದ್ದು. ಪ್ರಶ್ನೆಗಳ ಭಾಷೆಯೂ ಅಷ್ಟಕ್ಕಷ್ಟೆ. ವಿಷಯ ಚೆನ್ನಾಗಿ ಬಲ್ಲವನು ಕೂಡ ಕೇಳಿದ ಕ್ರಮ ತಿಳಿಯದೆ ತಪ್ಪು ಗುರುತು ಹಾಕುವುದುಂಟು. ಕೆಲಸ ಕೊಡುವ ಕೆಲವು ಕಂಪೆನಿಗಳು ಮೊದಲ ಸಲಕ್ಕೇ ಪಾಸಾದೆಯಾ, ಸರಾಸರಿ ಎಷ್ಟು ಎಂದು ಕೇಳುತ್ತವೆ. ತಂದೆತಾಯಿ ಮನೆ ಅಡವಿಟ್ಟು ಹಣ ಹೊಂದಿಸಿದ್ದಾರೆ. ಜೊತೆಯವರೆಲ್ಲ ಕಣಜಕ್ಕೆ ಕೈ ಹಾಕಿರುವಾಗ ಒಬ್ಬಳೇ ಮಡಿಯುಟ್ಟು ದೂರ ನಿಂತರೆ ಮೆಚ್ಚುವವರು ಯಾರು? ಅಷ್ಟೇ ಅಲ್ಲ, ಈ ಪರೀಕ್ಷೆಯೇ ಕೊನೆಯ ಬಾಗಿಲಲ್ಲ. ಇದಾದ ಮೇಲೆ ಹಾರಾಟದ ಪರೀಕ್ಷೆಯಿದೆ, ಒಂದೊಂದು ಜಾತಿಯ ವಿಮಾನಕ್ಕೂ ಬೇರೆ ತರಬೇತಿಯಿದೆ, ಕೆಲಸಕ್ಕೆ ಸೇರಿದ ಮೇಲೂ ಆರು ತಿಂಗಳಿಗೊಮ್ಮೆ ಕೃತಕ ವಿಮಾನದ ಕೋಣೆಯಲ್ಲಿ ಕೂರಿಸಿ ಬೆಂಕಿ ಹಚ್ಚಿ, ಇಂಜಿನು ಕೆಡಿಸಿ ನೋಡುತ್ತಾರೆ. ಅಲ್ಲಿ ನಾಲ್ಕು ಉತ್ತರ ಕೊಟ್ಟು ಆರಿಸು ಎನ್ನುವವರಿಲ್ಲ.

ಇಲ್ಲಿಯವರೆಗೆ ನನಗೆ ಒಪ್ಪಿಗೆಯೇ. ಉರು ಹೊಡೆಯುವುದೆಲ್ಲ ಕೀಳು ಎಂಬ ಈಚಿನ ಶಿಕ್ಷಣತಜ್ಞರ ಮಾತಿಗಂತೂ ನಾನು ಎಂದೂ ತಲೆದೂಗಿದವನಲ್ಲ. ಮಗ್ಗಿ ಬಾರದ ಹುಡುಗನಿಗೆ ಬೀಜಗಣಿತದ ಸೊಗಸನ್ನು ತಿಳಿಸಲು ಹೊರಟು ಸೋತ ಮೇಷ್ಟರುಗಳನ್ನು ನಾನು ಬಲ್ಲೆ. ವಿಮಾನದಲ್ಲೂ ಹಾಗೆಯೇ. 35,000 ಅಡಿ ಎತ್ತರದಲ್ಲಿ ಕೋಣೆಯ ಗಾಳಿ ಸೋರಿಹೋದರೆ ಮನುಷ್ಯನಿಗೆ ಬುದ್ಧಿ ನೆಟ್ಟಗಿರುವುದು ಅರ್ಧ ನಿಮಿಷದಿಂದ ಒಂದು ನಿಮಿಷ. ಆಗ ಪುಸ್ತಕ ತೆರೆದು ಕಾರಣ ವಿಚಾರಿಸುತ್ತ ಕೂರುವಂತಿಲ್ಲ. ಕೈ ತಾನಾಗಿ ಆಮ್ಲಜನಕದ ಮುಖವಾಡಕ್ಕೆ ಹೋಗಬೇಕು. ಅಂಥ ಕೆಲವು ಕ್ರಮಗಳನ್ನು ಚಾಲಕರು ಸಂಧ್ಯಾವಂದನೆಯಂತೆ ಬಾಯಿಪಾಠ ಮಾಡಿರುತ್ತಾರೆ, ಮಾಡಿರಲೂಬೇಕು. ಆದರೆ ಅದು ಕೈಗೆ ಇಳಿಯುವ ಬಾಯಿಪಾಠ. “ಉದ್ದನೆಯ ಉತ್ತರವೇ ಸರಿ” ಎಂಬುದು ಎಲ್ಲಿಗೆ ಇಳಿಯುತ್ತದೆ? ಅಂಕಪಟ್ಟಿಗೆ ಇಳಿದು ಅಲ್ಲಿಯೇ ಒಣಗುತ್ತದೆ. ಅರ್ಥವರಿಯದೆ ವೇದವನ್ನು ಹೊತ್ತವನನ್ನು ಯಾಸ್ಕನು ಹೊರೆ ಹೊತ್ತ ಕಂಬಕ್ಕೆ ಹೋಲಿಸಿದ್ದಾನೆ. ಆ ಕಂಬಕ್ಕೂ ಪಾಪ, ಹೊತ್ತದ್ದು ವೇದವೆಂಬ ಸಮಾಧಾನವಾದರೂ ಇತ್ತು.

ಹಾಗಾದರೆ ಇದು ಮೋಸವೆ? ನನ್ನನ್ನು ಹಲವು ದಿನ ಕಾಡಿದ ಪ್ರಶ್ನೆ ಇದು. ಅಮೆರಿಕದಲ್ಲಿ ಒಂದು ಕಾಲಕ್ಕೆ ಸರ್ಕಾರದವರೇ ಚಾಲಕರ ಪರೀಕ್ಷೆಯ ಪ್ರಶ್ನೆಗಳನ್ನೆಲ್ಲ ಪ್ರಕಟಿಸುತ್ತಿದ್ದರು. ಯಾರು ಬೇಕಾದರೂ ತೆಗೆದುಕೊಂಡು ಓದಬಹುದಿತ್ತು. ಅಲ್ಲಿ ನೇರವಾದ ಓದು ಎನಿಸಿಕೊಂಡ ಕೆಲಸವೇ ಬೀಗ ಹಾಕಿದ ಇನ್ನೊಂದು ದೇಶದಲ್ಲಿ ಕಳ್ಳತನದ ಬಣ್ಣ ತಳೆಯುತ್ತದೆ. ಪರೀಕ್ಷೆಯ ಕೋಣೆಯೊಳಗಿನದನ್ನು ಹೊರಗೆ ಹೇಳುವುದಿಲ್ಲವೆಂದು ಮಾತು ಕೊಟ್ಟು ಹೇಳಿದವನು ಮಾತಿಗೆ ತಪ್ಪಿದ, ಅದು ಸ್ಪಷ್ಟ. ಅವನು ಹೇಳಿದ್ದನ್ನು ಕೊಂಡವನ ಪಾಲು ಎಷ್ಟು ಎಂಬುದು ಅಷ್ಟು ಸ್ಪಷ್ಟವಲ್ಲ. ಹಾಗೆಂದು ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ. 2011ರಲ್ಲಿ ನಮ್ಮ ದೇಶದಲ್ಲಿ ನಕಲಿ ಅಂಕಪಟ್ಟಿಗಳನ್ನು ಒಪ್ಪಿಸಿ ಚಾಲಕರ ಲೈಸೆನ್ಸು ಪಡೆದವರು ಸಿಕ್ಕಿಬಿದ್ದರು, ಬಂಧನಗಳೂ ಆದವು. ಅದು ಅಪ್ಪಟ ಸುಳ್ಳು. ಅದರ ಬಗ್ಗೆ ಯಾರೂ ಪ್ರಬಂಧ ಬರೆಯಬೇಕಾಗಿಲ್ಲ, ಪೊಲೀಸರು ಬರೆದರೆ ಸಾಕು. ಕಣಜದಿಂದ ಓದಿದವಳು ಬರೆದದ್ದು ತನ್ನ ಕೈಯಿಂದಲೇ, ಪಡೆದದ್ದು ತನ್ನ ಅಂಕವೇ. ಪರೀಕ್ಷಕರಿಗೂ ಇದು ಗೊತ್ತು, ಶಾಲೆಯವರಿಗೂ ಗೊತ್ತು, ಕೆಲಸ ಕೊಡುವವರಿಗೂ ಗೊತ್ತು. ಎಲ್ಲರಿಗೂ ತಿಳಿದಿರುವುದನ್ನು ಮೋಸವೆನ್ನುವುದು ಹೇಗೆ? ತಿಳಿಯದಿರುವುದು ಹಿಂದಿನ ಸಾಲಿನಲ್ಲಿ ಕಣ್ಣುಮುಚ್ಚಿ ಕುಳಿತ ನಿಮಗೆ, ನನಗೆ. ಮತ್ತು ಎಷ್ಟೋ ಸಲ, ಉತ್ತರ ಗುರುತು ಹಾಕಿದವರಿಗೇ. ನೂರಕ್ಕೆ 92 ಬಂದಮೇಲೆ, ಅದರಲ್ಲಿ ತಿಳಿದು ಬಂದದ್ದೆಷ್ಟು, ನೆನಪಿನಿಂದ ಬಂದದ್ದೆಷ್ಟು ಎಂದು ವಿಂಗಡಿಸಿ ನೋಡುವ ಮನಸ್ಸು ಯಾರಿಗೆ ಉಳಿದೀತು?

ಅಂಕಿಯೊಂದು ಸರಿಯಾಗಿ ಗೊತ್ತಿದ್ದು, ಅದು ಯಾವುದರ ಅಂಕಿ ಎಂಬುದು ಮರೆತರೆ ಏನಾಗುತ್ತದೆ ಎಂಬುದಕ್ಕೆ ಕೆನಡಾ ದೇಶದಲ್ಲಿ ನಡೆದ ಘಟನೆಗಿಂತ ಮಿಗಿಲಾದ ಪಾಠ ನನ್ನ ಮೂವತ್ತು ವರ್ಷದ ಮೇಷ್ಟರಿಕೆಯಲ್ಲಿ ಸಿಕ್ಕಲಿಲ್ಲ. 1983ರ ಜುಲೈ 23. ಏರ್ ಕೆನಡಾದ ಬೋಯಿಂಗ್ 767 ವಿಮಾನ ಮಾಂಟ್ರಿಯಲ್‌ನಿಂದ ಆಟವಾ ಮಾರ್ಗವಾಗಿ ಎಡ್ಮಂಟನ್ನಿಗೆ ಹೊರಡಬೇಕಾಗಿತ್ತು. ಇಂಧನ ಎಷ್ಟಿದೆಯೆಂದು ತೋರಿಸುವ ಯಂತ್ರ ಕೆಟ್ಟಿತ್ತು. ಆದುದರಿಂದ ತೊಟ್ಟಿಯ ಮಟ್ಟವನ್ನು ಅಳತೆ ಕೋಲಿನಿಂದ ನೋಡಿ ಲೆಕ್ಕ ಹಾಕಿದರು. ಒಳಗಿದ್ದದ್ದು 7,682 ಲೀಟರು. ಪ್ರಯಾಣಕ್ಕೆ ಬೇಕಾದದ್ದು 22,300 ಕಿಲೋಗ್ರಾಂ. ಲೀಟರನ್ನು ತೂಕಕ್ಕೆ ತಿರುಗಿಸಲು ಒಂದು ಗುಣಕ ಬೇಕು; ಇಂಧನ ತುಂಬುವವರ ಚೀಟಿಯಲ್ಲಿ 1.77 ಎಂದಿತ್ತು. ಎಲ್ಲರೂ ವರ್ಷಗಟ್ಟಲೆ ಬಳಸಿ ಬಲ್ಲ ಅಂಕಿ. ಗುಣಿಸಿದರು, 13,597 ಬಂತು. 22,300ರಲ್ಲಿ ಅದನ್ನು ಕಳೆದರು, 8,703 ಉಳಿಯಿತು. ಮತ್ತೆ 1.77ರಿಂದ ಭಾಗಿಸಿ 4,916 ಲೀಟರು ತುಂಬಿಸಿದರು. ಗುಣಾಕಾರ ಭಾಗಾಕಾರಗಳಲ್ಲಿ ಒಂದು ಕಾಸಿನ ತಪ್ಪಿಲ್ಲ. ನಾನು ಉತ್ತರಪತ್ರಿಕೆ ತಿದ್ದಿದ್ದರೂ ಕೆಂಪು ಮಸಿಗೆ ಕೆಲಸವಿರುತ್ತಿರಲಿಲ್ಲ.

ತಪ್ಪಿದ್ದದ್ದು ಒಂದೇ. 1.77 ಎಂಬುದು ಲೀಟರಿಗೆ ಎಷ್ಟು ಪೌಂಡು ಎಂಬ ಅಂಕಿ. ಕಿಲೋಗ್ರಾಂ ಬೇಕಾದರೆ ಅದು ಸುಮಾರು 0.8 ಆಗಬೇಕು. ಕೆನಡಾ ಆಗತಾನೆ ಮೆಟ್ರಿಕ್ ಅಳತೆಗೆ ಬದಲಾಗುತ್ತಿತ್ತು. ಆ ಕಂಪೆನಿಯಲ್ಲಿ ಕಿಲೋಗ್ರಾಂ ಲೆಕ್ಕದ ಮೊದಲ ವಿಮಾನ ಈ 767. ಅಂಕಿ ಹಳೆಯದು, ಪ್ರಶ್ನೆ ಹೊಸದು. ನೀರಿಗಿಂತ ಹಗುರವಾದ ಎಣ್ಣೆಯ ಒಂದು ಲೀಟರು ಒಂದು ಕಿಲೋಗ್ರಾಮಿಗಿಂತ ಹೆಚ್ಚು ತೂಗುವುದುಂಟೆ ಎಂದು ಒಬ್ಬರಾದರೂ ನಿಂತು ಕೇಳಿದ್ದರೆ ಲೆಕ್ಕ ಅಲ್ಲಿಗೇ ಬಿದ್ದುಹೋಗುತ್ತಿತ್ತು. ಅದು ಎಂಟನೆಯ ತರಗತಿಯ ಪ್ರಶ್ನೆ. ಅಲ್ಲಿದ್ದವರು ದಡ್ಡರಲ್ಲ, ಸೋಮಾರಿಗಳೂ ಅಲ್ಲ. ಲೆಕ್ಕವನ್ನು ಮತ್ತೆ ಮತ್ತೆ ಪರೀಕ್ಷಿಸಿಯೂ ಇದ್ದರು. ಪ್ರತಿ ಸಲವೂ ಅದೇ 1.77ರಿಂದ. ಬೇಕಾದದ್ದಕ್ಕಿಂತ ಅರ್ಧಕ್ಕೂ ಕಡಮೆ ಇಂಧನ ಹೊತ್ತ ವಿಮಾನ 41,000 ಅಡಿ ಎತ್ತರದಲ್ಲಿ ಬರಿದಾಯಿತು. ಎರಡು ಇಂಜಿನುಗಳೂ ನಿಂತವು.

ಆಮೇಲೆ ನಡೆದದ್ದು ಇನ್ನೂ ಸ್ವಾರಸ್ಯ. ಕ್ಯಾಪ್ಟನ್ ರಾಬರ್ಟ್ ಪಿಯರ್ಸನ್ ಬಿಡುವಿನ ವೇಳೆಯಲ್ಲಿ ಇಂಜಿನಿಲ್ಲದ ಗ್ಲೈಡರುಗಳನ್ನು ಹಾರಿಸುತ್ತಿದ್ದವರು. ದೊಡ್ಡ ವಿಮಾನದ ಎರಡು ಇಂಜಿನುಗಳೂ ನಿಂತರೆ ಎಷ್ಟು ವೇಗದಲ್ಲಿ ತೇಲಿಸಬೇಕೆಂಬುದಕ್ಕೆ ಅವರಿಗೆ ಯಾರೂ ಉತ್ತರ ಬರೆದುಕೊಟ್ಟಿರಲಿಲ್ಲ. ತಮಗೆ ತಿಳಿದದ್ದರಿಂದ ಊಹಿಸಿಕೊಂಡರು. ಗಿಮ್ಲಿ ಎಂಬಲ್ಲಿ ಬಳಕೆ ತಪ್ಪಿದ ವಾಯುಪಡೆಯ ನಿಲ್ದಾಣವೊಂದಿತ್ತು. ಅಲ್ಲಿಗೆ ಬಂದಾಗ ವಿಮಾನ ಇಳಿಯುವುದಕ್ಕೆ ತೀರ ಎತ್ತರದಲ್ಲಿತ್ತು. ಗ್ಲೈಡರಿನವರು ಮಾಡುವಂತೆ ವಿಮಾನವನ್ನು ಓರೆಯಾಗಿ ಜಾರಿಸಿ ಎತ್ತರ ಕಳೆದು ನೆಲಕ್ಕೆ ಮುಟ್ಟಿಸಿದರು. ಒಳಗಿದ್ದ 69 ಜನರೂ ಉಳಿದರು. ಒಂದೇ ವಿಮಾನದಲ್ಲಿ, ಒಂದೇ ದಿನದಲ್ಲಿ, ತಿಳಿಯದೆ ಬಂದ ಉತ್ತರವೂ ತಿಳಿದು ಹುಡುಕಿದ ಉತ್ತರವೂ ಹೀಗೆ ಅಕ್ಕಪಕ್ಕ ನಿಂತದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ವಿಚಾರಣೆ ನಡೆಸಿದವರು ದೋಷವನ್ನು ಬರಿಯ ಲೆಕ್ಕ ಹಾಕಿದವರ ಮೇಲೆ ಹೊರಿಸದೆ, ಹೊಸ ಅಳತೆಯ ವಿಮಾನ ತಂದು ಅದಕ್ಕೆ ತಕ್ಕ ತರಬೇತಿ ಕೊಡದ ಕಂಪೆನಿಯ ಮೇಲೂ ಹೊರಿಸಿದರು. ಅದು ನ್ಯಾಯವಾಗಿತ್ತು.

ಕಣಜದ ಓದಿಗೆ ಇನ್ನೊಂದು ಕೊರತೆಯಿದೆ. ಅಲ್ಲಿ ಪ್ರಶ್ನೆ ತನ್ನ ಹೆಸರನ್ನು ತಾನೇ ಹೇಳಿಕೊಂಡು ಬರುತ್ತದೆ. ಇದು ಹಾರಾಟದ ತತ್ತ್ವದ ಪ್ರಶ್ನೆ, ರೆಕ್ಕೆಯ ಮೇಲಿನ ಗಾಳಿ ಬಿಟ್ಟುಹೋದಾಗ ಏನು ಮಾಡಬೇಕು, ಎಂದು ಕೇಳಿದರೆ ಎಂಥ ಹೊಸಬನೂ ಮೂತಿಯನ್ನು ಕೆಳಗೆ ಮಾಡಬೇಕೆಂದು ಗುರುತು ಹಾಕುತ್ತಾನೆ. 2009ರ ಜೂನ್ 1ರಂದು ರಿಯೋದಿಂದ ಪ್ಯಾರಿಸಿಗೆ ಹೊರಟ ಏರ್ ಫ್ರಾನ್ಸ್ ವಿಮಾನ ಅಟ್ಲಾಂಟಿಕ್ ಸಾಗರದ ಮೇಲೆ ಮೋಡದಲ್ಲಿತ್ತು. ವೇಗ ಅಳೆಯುವ ನಳಿಗೆಗಳಲ್ಲಿ ಮಂಜು ಕಟ್ಟಿತು. ತಾನಾಗಿ ಹಾರಿಸುವ ಯಂತ್ರ ಕೈಬಿಟ್ಟಿತು. ಚಾಲಕನ ಕೈ ಮೂತಿಯನ್ನು ಮೇಲಕ್ಕೆ ಎಳೆಯಿತು. ರೆಕ್ಕೆ ಹಿಡಿತ ತಪ್ಪಿತೆಂಬ ಎಚ್ಚರಿಕೆಯ ದನಿ 54 ಸೆಕೆಂಡು ಎಡೆಬಿಡದೆ ಕೂಗಿತು. ನಾಲ್ಕೂವರೆ ನಿಮಿಷ ತುಂಬುವ ಮೊದಲೇ 228 ಜನರೊಡನೆ ವಿಮಾನ ಸಮುದ್ರ ಸೇರಿತ್ತು. ಏನಾಗಿದೆಯೆಂಬುದನ್ನು ಚಾಲಕರು ಕೊನೆಯವರೆಗೂ ಗುರುತಿಸಲಿಲ್ಲವೆಂದು 2012ರ ತನಿಖಾ ವರದಿ ಹೇಳಿತು. ಅವರು ಹೇಗೆ ಓದಿದ್ದರೆಂಬ ಮಾತನ್ನು ನಾನು ಎತ್ತುತ್ತಿಲ್ಲ. ಸತ್ತವರ ಮೇಲೆ ಅಂಥ ಊಹೆ ಹೊರಿಸುವುದು ಸಲ್ಲದು. ನನಗೆ ನಾಟಿದ್ದು ಇಷ್ಟು: ಆ ರಾತ್ರಿ ಅವರ ಮುಂದೆ ಬಂದದ್ದು ಯಾವ ವಿಷಯದ ಪ್ರಶ್ನೆ ಎಂಬುದನ್ನೇ ಯಾರೂ ಹೇಳಲಿಲ್ಲ.

ಉತ್ತರ ಗೊತ್ತಿದ್ದೂ ಕೆಡುವುದುಂಟು. ನಮ್ಮ ಮಂಗಳೂರಿನ ದುರಂತವನ್ನು ಮರೆತವರಾರು? 2010ರ ಮೇ 22ರ ಬೆಳಗ್ಗೆ ದುಬೈಯಿಂದ ಬಂದ ವಿಮಾನ ಗುಡ್ಡದ ನೆತ್ತಿಯ ರನ್‌ವೇಯನ್ನು ದಾಟಿ ಕೆಳಕ್ಕೆ ಉರುಳಿ 158 ಜನ ಹೋದರು, ಎಂಟು ಜನ ಉಳಿದರು. ಇಳಿಯುವುದು ಬೇಡ, ಮತ್ತೆ ಮೇಲೇರೋಣ ಎಂದು ಪಕ್ಕದಲ್ಲಿದ್ದ ಸಹಚಾಲಕರು ಮೂರು ಸಲ ಹೇಳಿದ್ದರು. ಸರಿಯಾದ ಉತ್ತರ ಆ ಕೋಣೆಯಲ್ಲಿ ಗಟ್ಟಿಯಾಗಿಯೇ ಕೇಳಿತ್ತು. ಹಿರಿಯ ಕ್ಯಾಪ್ಟನ್ನರು ಕಿವಿಗೊಡಲಿಲ್ಲ. ಇಂಥದಕ್ಕೆ ನಾಲ್ಕು ಉತ್ತರಗಳ ಪರೀಕ್ಷೆ ಏನು ಮಾಡೀತು? ಯೂರೋಪಿನವರು ಇದನ್ನು ಅಷ್ಟಿಷ್ಟು ಮನಗಂಡು, ಈಚಿನ ವರ್ಷಗಳಲ್ಲಿ ಹದಿಮೂರು ವಿಷಯಗಳ ಜೊತೆಗೆ ಇನ್ನೊಂದು ಭಾಗ ಸೇರಿಸಿದ್ದಾರೆ. ಹತ್ತು ಕೆಲಸ ಒಟ್ಟಿಗೆ ಬಿದ್ದಾಗ ಯಾವುದನ್ನು ಮೊದಲು ಹಿಡಿಯುತ್ತಾನೆ, ಜೊತೆಯವರ ಮಾತು ಕೇಳುತ್ತಾನೆಯೆ, ನಿರ್ಧಾರಕ್ಕೆ ಹೇಗೆ ಬರುತ್ತಾನೆ ಎಂಬುದನ್ನು ಶಾಲೆಯಲ್ಲಿಯೇ ಗುರುಗಳು ನೋಡಿ ತೀರ್ಮಾನಿಸಬೇಕು. ಅದರಲ್ಲಿ ಮನೋಗಣಿತದ ಪರೀಕ್ಷೆಯೂ ಸೇರಿದೆಯೆಂದು ಕೇಳಿ ನನಗೆ ನೂರು ವರ್ಷ ಆಯುಸ್ಸು ಬಂದಂತಾಯಿತು.

ಕಣಜಕ್ಕೆ ಕೈ ಹಾಕಬೇಡ ಎಂದು ನಾನು ಹುಡುಗಿಗೆ ಹೇಳಲಿಲ್ಲ. ಹೇಳುವ ಹಕ್ಕು ಇದೆಯೆಂದೂ ತೋರಲಿಲ್ಲ. ಮಕ್ಕಳಿಗೆ ನಾಲ್ಕನೆಯ ತರಗತಿಯಿಂದ ಗೈಡು ತಂದುಕೊಟ್ಟ ನಮ್ಮ ಮಧ್ಯಮವರ್ಗ, ಅವರು ವಿಮಾನ ಹಾರಿಸುವ ವಯಸ್ಸಿಗೆ ಬಂದಾಗ ಸತ್ಯಹರಿಶ್ಚಂದ್ರನ ನೆನಪು ತೆಗೆಯುವುದು ಅಷ್ಟು ಚೆನ್ನಾಗಿ ಕಾಣುವುದಿಲ್ಲ. ನನಗೆ ತೋರುವುದು ಇಷ್ಟೆ. ಕಣಜದಿಂದ ಕಲಿತವನಿಗೆ ಒಂದು ಸಾಲ ಬೆಳೆಯುತ್ತದೆ. ಅಂಕ ಮೊದಲು ಬಂತು, ತಿಳಿವಳಿಕೆ ಬಾಕಿ ಉಳಿಯಿತು. ಸಾಲ ಮಾಡುವುದು ಪಾಪವಲ್ಲ. ಎಷ್ಟೋ ಮರ್ಯಾದಸ್ಥರು ಮಾಡಿದ್ದಾರೆ. ಲೆಕ್ಕ ಇಡದಿರುವುದು ಬೇರೆ ಮಾತು. ಈ ಸಾಲಕ್ಕೆ ಲೇವಾದೇವಿಯವನಿಲ್ಲ, ಪತ್ರವಿಲ್ಲ, ವಾಯಿದೆಯಿಲ್ಲ. ಕೇಳಲು ಯಾರೂ ಬರುವುದಿಲ್ಲ. ಬಂದರೆ ಒಂದು ದಿನ ಮೋಡದೊಳಗೆ ಬರಬಹುದು, ಅಥವಾ ನಲವತ್ತು ವರ್ಷ ಹಾರಿಸಿ ನಿವೃತ್ತರಾಗುವವರೆಗೂ ಬಾರದೆ ಹೋಗಬಹುದು. ಬಾರದೆ ಹೋಗುವುದೇ ಹೆಚ್ಚು ಸಂಭವ. ಹಾಗಿರುವಾಗ ಯಾರೂ ಕೇಳದ ಸಾಲವನ್ನು ತೀರಿಸುವವನು ಏತಕ್ಕಾಗಿ ತೀರಿಸಬೇಕು? ಹಿಂದೆ ಕುಳಿತವರ ಮುಖ ಅವನಿಗೂ ಕಾಣುವುದಿಲ್ಲವಲ್ಲ ಎಂಬುದಕ್ಕಿಂತ ಬೇರೆ ಕಾರಣ ನನಗೆ ಹೊಳೆಯುತ್ತಿಲ್ಲ. ಮುಖ ಕಂಡವರಿಗೆ ನ್ಯಾಯವಾಗಿರುವುದನ್ನು ಸಂಕೋಚವಾದರೂ ಕಲಿಸುತ್ತದೆ.

ಅವಳೊಂದು ನೋಟ್‌ಬುಕ್ಕು ಇಟ್ಟಿದ್ದಾಳೆ. ಉತ್ತರ ಸರಿಯಾಗಿ, ಕಾರಣ ತಿಳಿಯದೆ ಹೋದ ಪ್ರಶ್ನೆಯ ಸಂಖ್ಯೆಯನ್ನು ಅದರಲ್ಲಿ ಬರೆದು ಕೆಂಪು ಚುಕ್ಕೆ ಇಡುತ್ತಾಳೆ. ಕಾರಣ ತಿಳಿದ ದಿನ ಅದನ್ನು ಹೊಡೆದುಹಾಕುತ್ತಾಳೆ. ಅದು ಅವಳೇ ಮಾಡಿಕೊಂಡ ಏರ್ಪಾಟು. ನಾನು ಹೇಳಿಕೊಟ್ಟದ್ದಲ್ಲ, ಯಾವ ಶಾಲೆಯೂ ಹೇಳಿದ್ದಲ್ಲ. ತಪ್ಪಾದ ಉತ್ತರಗಳನ್ನು ತಿದ್ದಿಕೊಳ್ಳುವ ವಿದ್ಯಾರ್ಥಿಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಸರಿಯಾದ ಉತ್ತರದ ಮೇಲೆ ಸಂಶಯಪಟ್ಟವರನ್ನು ಕಂಡದ್ದು ಕಡಮೆ. ಹದಿಮೂರು ವಿಷಯಗಳಲ್ಲೂ ಅವಳು ತೇರ್ಗಡೆಯಾದ ಸುದ್ದಿ ಕಳೆದ ತಿಂಗಳು ಬಂತು. ಅಂಕ ಕೇಳುವುದನ್ನು ಬಿಟ್ಟು ಚುಕ್ಕೆಗಳು ಎಷ್ಟು ಉಳಿದಿವೆಯೆಂದು ಕೇಳಿದೆ. ಹವಾಮಾನದಲ್ಲಿ ಎಲ್ಲವೂ ತೀರಿವೆಯಂತೆ. ರೇಡಿಯೋ ಪಥದರ್ಶನದಲ್ಲಿ ಇನ್ನೂ ನಲವತ್ತೊಂದು ಬಾಕಿ.